ಹಂಪಯ್ಯನ ಶೇರ್‌ವೇರ್

ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಹೊತ್ತು ಮೂರು ಸದ್ದು ಕೇಳುತ್ತವೆ. ಒಂದು ರೈಲಿನದು, ಇನ್ನೊಂದು ನೀರಿನ ಮೋಟರಿನದು, ಮತ್ತೊಂದು ಹಂಪಯ್ಯನ ಫ್ಲಾಪಿ ಡ್ರೈವಿನದು. ಮೊದಲೆರಡಕ್ಕೆ ಹೊಸ ಬಾಡಿಗೆದಾರರೂ ಬೇಗ ಹೊಂದಿಕೊಳ್ಳುತ್ತಾರೆ. ಮೂರನೆಯದನ್ನು ಕೇಳಿದವರು ಮಾತ್ರ, ಆ ಮನೆಯಲ್ಲಿ ದಿನಾ ಬೆಳಗಾಗೆದ್ದು ತೆಂಗಿನಕಾಯಿ ತುರಿಯುತ್ತಾರೆ ಎಂದು ತಿಳಿದು ಊಟಕ್ಕೆ ಕರೆಯಲಿ ಎಂದು ಕಾಯುತ್ತಾರೆ. ನಾನು ಅವನ ಕೆಳಗಿನ ಮನೆಯವನು, ಕಾದು ಕಾದು ಸತ್ಯ ತಿಳಿದುಕೊಂಡವನು.

ಹಂಪಯ್ಯ ಗಂಗಾವತಿ ಕಡೆಯವನು, ರೈಲ್ವೆಯಲ್ಲಿ ಹೆಡ್ ಕ್ಲಾರ್ಕ್. ತೊಂಬತ್ಮೂರರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮುಂದೆ ಎಲ್ಲ ಕಂಪ್ಯೂಟರೇ ಎಂದು ಯಾರೋ ಹೆದರಿಸಿದ್ದರಿಂದ ಕೋಠಿಯಲ್ಲಿ ಸೀರೆ ಅಂಗಡಿಯ ಮೇಲಿದ್ದ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದ. ಅಲ್ಲಿ ಮೇಷ್ಟ್ರು ಬರುತ್ತಿದ್ದುದು ಅಪರೂಪ. ಹುಡುಗರು ತಮ್ಮ ತಮ್ಮಲ್ಲೇ ಫ್ಲಾಪಿ ಹಂಚಿಕೊಂಡು ಆಟ ಆಡುತ್ತಿದ್ದರು. ಹೀಗೆ ಹಂಪಯ್ಯ ಕೋರ್ಸು ಮುಗಿಸಿ ಬಂದಾಗ ಕಂಪ್ಯೂಟರಿನಲ್ಲಿ ಒಂದು ಅರ್ಜಿ ಟೈಪು ಮಾಡಲೂ ಬರುತ್ತಿರಲಿಲ್ಲ. ಆದರೆ ಅವನ ಬಳಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಆಟಗಳಿದ್ದವು.

ಅವುಗಳಲ್ಲಿ ಅವನ ಪ್ರಾಣ ಒಂದೇ ಆಟದ ಮೇಲೆ. ಹಸಿರು ಅಂಗಿಯ ಒಬ್ಬ ಕುಳ್ಳ ಮನುಷ್ಯ ಲಾಟೀನು ಹಿಡಿದು, ಕಳೆದುಹೋದ ತನ್ನ ಕತ್ತೆಯನ್ನು ಹುಡುಕುತ್ತ ಒಂದು ಹಾಳು ಗಣಿಯೊಳಗೆ ಇಳಿಯುತ್ತಾನೆ. ಅವನಿಗೆ ಮೂರು ಜೀವ. ಗುಂಡಿಗೆ ಬಿದ್ದರೆ ಒಂದು ಹೋಗುತ್ತದೆ, ಬಾವಲಿ ಕಚ್ಚಿದರೆ ಇನ್ನೊಂದು. ಇಷ್ಟೆಲ್ಲ ದಾಟಿ ಕೊನೆಗೆ ಒಂದು ಕಬ್ಬಿಣದ ಬಾಗಿಲಿಗೆ ಬಂದರೆ ಆಚೆಯಿಂದ ಕತ್ತೆ ಅರಚುವುದು ಕೇಳುತ್ತದೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ಏಕೆಂದರೆ ಅದು ಶೇರ್‌ವೇರ್. ಅಂದರೆ ಮಾಡಿದವನು ಮೊದಲ ಭಾಗವನ್ನು ಪುಕ್ಕಟೆ ಕೊಟ್ಟು, ಇದನ್ನು ಕಾಪಿ ಮಾಡಿ ನಿಮ್ಮ ಗೆಳೆಯರಿಗೂ ಹಂಚಿ, ಮುಂದಿನ ಭಾಗ ಬೇಕಿದ್ದರೆ ನನಗೆ ಡಾಲರ್ ಕಳಿಸಿ ಹೆಸರು ನೋಂದಾಯಿಸಿ ಎನ್ನುತ್ತಾನೆ. ಗಂಗಾವತಿಯ ಹಂಪಯ್ಯ ಡಾಲರನ್ನು ಎಲ್ಲಿಂದ ತರಬೇಕು? ಅಂದಿನಿಂದ ಇಂದಿನವರೆಗೂ ಅವನು ದಿನಾ ಬೆಳಿಗ್ಗೆ ಆ ಬಾಗಿಲಿನವರೆಗೆ ಹೋಗಿ, ಕತ್ತೆಯ ಕೂಗು ಕೇಳಿ, ನಿಟ್ಟುಸಿರು ಬಿಟ್ಟು, ಸ್ನಾನಕ್ಕೆ ಹೋಗುತ್ತಾನೆ. ಈಗಿನ ಕಾಲದಲ್ಲಿ ಅದನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲಾದರೂ ಹುಡುಕಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಹಾಗೆ ಕದ್ದು ನೋಡುವುದು ಆ ಕತ್ತೆಗೆ ಮಾಡುವ ಅವಮಾನ ಎಂದುಬಿಟ್ಟ.

ಐವತ್ತೈದು ದಾಟಿದ ಗಂಡಸು ಆಟ ಆಡುತ್ತಾನೆ ಅಂದರೆ ಜನ ಏನೆಂದಾರು ಎಂಬ ಭಯ ಅವನಿಗೆ. ಅದಕ್ಕೆ ಅವನು ಯಾರೆದುರೂ ‘ಗೇಮ್’ ಎಂಬ ಮಾತನ್ನೇ ಎತ್ತುವುದಿಲ್ಲ. ಗಂಟಲು ಸರಿಮಾಡಿಕೊಂಡು, ‘ನನಗ ಶೇರ್‌ವೇರ್ ಹುಚ್ಚು’ ಎನ್ನುತ್ತಾನೆ. ಕೇಳಿದವರಿಗೆ ಅರ್ಥವಾಗುವುದಿಲ್ಲ, ಆದ್ದರಿಂದ ಗೌರವ ಕೊಡುತ್ತಾರೆ.

ಈ ಗೌರವದ ಶಬ್ದವೇ ಅವನನ್ನು ಸಿಕ್ಕಿಸಿಹಾಕಿದ್ದು ಮಗಳ ಮದುವೆಯಲ್ಲಿ. ಮಗಳು ಅನ್ವಿತಾ ತನ್ನ ಆಫೀಸಿನ ರೋಹಿತನನ್ನು ಮೆಚ್ಚಿದ್ದಳು. ಹುಡುಗನ ಮನೆಯವರು ಬೀದರಿನವರು, ಬೇಗಂಪೇಟೆಯಲ್ಲಿ ಬಹಳ ಕಾಲದಿಂದ ಇದ್ದಾರೆ. ಹುಡುಗ ಒಪ್ಪಿದ್ದ, ಹುಡುಗನ ಅಪ್ಪ ಸೂರ್ಯಕಾಂತರೂ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಒಪ್ಪಿಗೆ ಎಂಬುದು ಸಲ್ಲುವುದು ಎಲ್ಲರೂ ಮುತ್ಯಾ ಎಂದು ಕರೆಯುವ ರೋಹಿತನ ಅಜ್ಜ ಚನ್ನಬಸಪ್ಪನವರ ಬಾಯಿಂದ ಬಂದರೆ ಮಾತ್ರ. ಮುತ್ಯಾ ಎಂದರೆ ಆ ಮನೆಯ ಫ್ರಿಜ್ಜು ಕೂಡ ಸದ್ದು ನಿಲ್ಲಿಸುತ್ತದೆ. ತೊಂಬತ್ತರ ಹತ್ತಿರದ ವಯಸ್ಸು, ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. ಈಗಾಗಲೇ ಬಂದ ಸಂಬಂಧಗಳನ್ನೆಲ್ಲ ಅವರು ಒಲ್ಲೆ ಎಂದಿದ್ದರು. ಹುಡುಗಿಯರಲ್ಲಿ ದೋಷವಿರಲಿಲ್ಲ, ಬೀಗರಲ್ಲಿ ಇತ್ತು. ಬಂದವರೆಲ್ಲ ಶಂಕರಪಲ್ಲಿಯಲ್ಲಿ ಪ್ಲಾಟು ಗಜಕ್ಕೆ ಎಷ್ಟಾಯಿತು ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲವಂತೆ.

ಸಂಬಂಧ ಮಾತಾಡಲು ಅವರ ಮನೆಗೆ ಹೊರಡುವಾಗ ಅನ್ವಿತಾ ಅಪ್ಪನ ಕೈ ಹಿಡಿದುಕೊಂಡಳು. “ಅಪ್ಪಾ, ನಾ ಮಾಡ್ಕೊಂಡ್ರ ರೋಹಿತನ್ನ ಮಾಡ್ಕೋತೀನಿ, ಇಲ್ಲಂದ್ರ ಇಲ್ಲ. ಒಂದ್ ತಾಸು ನಿನ್ನ ಆಟದ ಸುದ್ದಿ ತಗೀಬ್ಯಾಡ” ಎಂದಳು. ಹಂಪಯ್ಯ ಕಂಪ್ಯೂಟರಿನ ಮೇಲೆ ಕೈಯಿಟ್ಟು ಆಣೆ ಮಾಡಿದ. ಹಿರಿಯನೆಂಬ ನೆಪದಲ್ಲಿ ನಾನೂ ಜೊತೆಗೆ ಹೋದೆ.

ಬೇಗಂಪೇಟೆಯಲ್ಲಿ ಮಿರ್ಚಿ ಭಜಿ ಚೆನ್ನಾಗಿತ್ತು, ಮಾತು ಹದವಾಗಿ ನಡೆದಿತ್ತು. ಮುತ್ಯಾ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ಇದ್ದಕ್ಕಿದ್ದಂತೆ ಕಣ್ಣು ತೆರೆದು, ಪ್ಲಾಟಿನ ಸುದ್ದಿ ಬಿಟ್ಟು ನಿಮಗೆ ಬೇರೆ ಏನಾದರೂ ಶೋಕಿ ಉಂಟೋ ಎಂದು ಹಂಪಯ್ಯನನ್ನು ಕೇಳಿದರು. ಹಂಪಯ್ಯ ಹೆಂಡತಿ ಶಿವಗಂಗಾಳ ಮುಖ ನೋಡಿದ. ಮಗಳ ಮುಖ ನೋಡಿದ. ಗಂಟಲು ಸರಿಮಾಡಿಕೊಂಡ.

“ಶೇರ್‌ವೇರ್ ರೀ, ಮುತ್ಯಾರ. ಭಾಳ ವರ್ಷದಿಂದ ಹಚ್ಕೊಂಡೀನಿ.”

ಇಲ್ಲಿ ಒಂದು ವ್ಯಾಕರಣದ ಮಾತು ಹೇಳದೆ ಕಥೆ ಮುಂದಕ್ಕೆ ಹೋಗದು. ಕನ್ನಡದಲ್ಲಿ ನಾವು ಚಹಾ ಗಿಹಾ, ಊಟ ಗೀಟ ಎನ್ನುತ್ತೇವೆ. ಹೈದರಾಬಾದಿನವರು ‘ಗಿ’ ಬದಲು ‘ವ’ ಹಾಕುತ್ತಾರೆ: ಚಾಯ್ ವಾಯ್, ಪಾನ್ ವಾನ್. ಉರ್ದುವಿನಲ್ಲಿ ಎರಡು ಸಾಲಿನ ಪದ್ಯಕ್ಕೆ ಶೇರ್ ಎನ್ನುತ್ತಾರೆ. ಆದ್ದರಿಂದ ಆ ಊರಿನ ಕಿವಿಗೆ ಶೇರ್ ವೇರ್ ಅಂದರೆ ಪದ್ಯ ಗಿದ್ಯ ಎಂದೇ ಅರ್ಥ. ಮುತ್ಯಾ ಆ ಶಬ್ದ ಕೇಳಿ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಶೇರ್ ವೇರ್! ಎಷ್ಟ್ ಅವ ನಿಮ್ಮ ಹತ್ರ?”

“ಒಂದ್ ಡಬ್ಬಿ ತುಂಬ ಅದಾವ್ರಿ. ಎಲ್ಲಾ ತೊಂಬತ್ತರ ಆಸುಪಾಸಿನವು. ಈಗ ಅಂಥವು ಬರಂಗಿಲ್ಲ.”

“ಬರೋದಿಲ್ಲ, ಬರೋದಿಲ್ಲ” ಎಂದು ಮುತ್ಯಾ ತಲೆ ಆಡಿಸಿದರು. “ಸ್ವಂತದ್ದೋ?”

“ಏ, ಇಲ್ರಿ. ಎಲ್ಲಾ ಕಾಪಿ ಹೊಡದದ್ದು.”

ಮುತ್ಯಾ ಬಿದ್ದು ಬಿದ್ದು ನಕ್ಕರು. ಊರಿನ ಶಾಯರರೆಲ್ಲ, ಅಂದರೆ ಕವಿಗಳೆಲ್ಲ, ಕದ್ದದ್ದನ್ನೇ ಓದುತ್ತಾರೆ, ಒಪ್ಪಿಕೊಂಡವನು ನೀನೊಬ್ಬನೇ ಎಂದು ಹಂಪಯ್ಯನ ಬೆನ್ನು ಚಪ್ಪರಿಸಿದರು. ಹಂಪಯ್ಯನಿಗೆ ‘ಶಾಯರ’ ಎಂದದ್ದು ಕೇಳಿಸಲಿಲ್ಲ, ಬೆನ್ನು ಚಪ್ಪರಿಸಿದ್ದು ಮಾತ್ರ ತಿಳಿಯಿತು. ಅವನು ಉಬ್ಬಿಹೋಗಿ, ಮೊದಲಿನದು ಪುಕ್ಕಟೆ ಸಿಗುತ್ತದೆ, ಎರಡನೆಯದಕ್ಕೆ ಕಾಯಿಸುತ್ತಾರೆ, ಅದರಲ್ಲೇ ಮಜಾ ಇರುವುದು ಎಂದ. ಶೇರಿನ ಮೊದಲ ಸಾಲು ಹೇಳಿ, ಸಭೆ ಬೇಡಿಕೊಂಡ ಮೇಲೆ ಎರಡನೆಯ ಸಾಲು ಬಿಡುವ ಪದ್ಧತಿಯನ್ನು ಇಷ್ಟು ಚೆನ್ನಾಗಿ ಹೇಳಿದವರನ್ನು ತಾವು ಕಂಡೇ ಇಲ್ಲ ಎಂದರು ಮುತ್ಯಾ. ಸಂಬಂಧ ಅಲ್ಲೇ ಕುದುರಿತು. ನಿಶ್ಚಿತಾರ್ಥದ ಸಂಜೆ ಶೇರು ಓದುವ ಮಹಫಿಲ್ ಇಟ್ಟುಕೊಳ್ಳೋಣ, ಬೀಗರು ಓದಬೇಕು, ಓದಿದ ಮೇಲೆ ಉಂಗುರ ಎಂದು ಹುಕುಂ ಆಯಿತು. ನನಗೆ ಎಲ್ಲ ಅರ್ಥವಾಗಿತ್ತು. ಆದರೆ ಬಾಯಲ್ಲಿ ಮಿರ್ಚಿ ಇತ್ತು.

ಆಟೋದಲ್ಲಿ ನನ್ನಿಂದ ವಿಷಯ ತಿಳಿದಾಗ ಶಿವಗಂಗಾ ಮೊದಲು ನಕ್ಕಳು. ಆಮೇಲೆ ಸಿಕಂದರಾಬಾದಿನಿಂದ ಮಲ್ಕಾಜ್‌ಗಿರಿಯವರೆಗೂ ಬೈದಳು. ಆಟೋದವನು ಪಾಪ ಮೀಟರು ಹಾಕುವುದನ್ನೂ ಮರೆತು ಕೇಳುತ್ತಿದ್ದ. ನಿಜ ಹೇಳಿಬಿಡುತ್ತೇನೆ ಎಂದ ಹಂಪಯ್ಯ. ಹೇಳಿದರೆ ಮುತ್ಯಾ ಸಂಬಂಧ ಮುರಿಯುತ್ತಾರೆ ಎಂದು ಅನ್ವಿತಾ ಅಳಲು ಶುರು ಮಾಡಿದಳು. ಹೀಗಾಗಿ ನಿಜವನ್ನು ನಿಶ್ಚಿತಾರ್ಥದವರೆಗೆ ಮುಂದೂಡುವುದೆಂದು ಆಟೋದಲ್ಲೇ ಸರ್ವಾನುಮತದಿಂದ ತೀರ್ಮಾನವಾಯಿತು. ಆಟೋದವನೂ ಒಪ್ಪಿದ.

ಹಂಪಯ್ಯ ಶಾಯರನೆಂಬ ಸುದ್ದಿ ಮಾತ್ರ ಮುಂದೂಡಿಸಿಕೊಳ್ಳಲಿಲ್ಲ. ಎದುರು ಮನೆಯ ಟಿಕೆಟ್ ಕಲೆಕ್ಟರ್ ಯಾದಗಿರಿ ಮರುದಿನವೇ ಬಂದು, ಅಪಾರ್ಟ್‌ಮೆಂಟಿನ ಹೊಸ ಬೋರ್‌ವೆಲ್ ಪೂಜೆಗೆ ನಾಲ್ಕು ಸಾಲು ಬರೆದುಕೊಡಿ ಸಾರ್ ಎಂದ. ಆಫೀಸಿನಲ್ಲಿ ಅಧಿಕಾರಿಗಳು ಅವನನ್ನು ಕ್ಯಾಬಿನ್ನಿಗೆ ಕರೆದು, ಬಾಗಿಲು ಹಾಕಿ, ತಾವು ಬರೆದ ಕವನಗಳನ್ನು ಊಟದ ಹೊತ್ತು ಮೀರುವವರೆಗೆ ಓದಿದರು. ಹಣ್ಣಿನವನು ‘ಶಾಯರ್ ಸಾಬ್’ ಎಂದು ಒಂದು ಮೋಸಂಬಿ ಹೆಚ್ಚಿಗೆ ಹಾಕಿದ. ಮೊದಮೊದಲು ನಾಚಿದ ಹಂಪಯ್ಯ ಮೋಸಂಬಿಯ ನಂತರ ನಾಚುವುದು ಬಿಟ್ಟ. ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಮಾತಾಡತೊಡಗಿದ. ಬೀಗರ ಮನೆಯಿಂದ ಒಂದು ಶೇರವಾನಿ ಕೂಡ ಬಂತು. ಅದು ಅವನ ಹೊಟ್ಟೆಯನ್ನು ಒಪ್ಪಲಿಲ್ಲ, ಆದರೂ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ.

ಅವನನ್ನು ಕೋಠಿಗೆ ಕರೆದುಕೊಂಡು ಹೋಗಿ ಒಂದು ಶೇರುಗಳ ಪುಸ್ತಕ ಕೊಡಿಸಿದವನು ನಾನೇ. ಮನೆಗೆ ಬಂದು ನೋಡಿದರೆ ಅದು ಉರ್ದು ಲಿಪಿಯಲ್ಲಿತ್ತು. ಹಿಂದಿ ಲಿಪಿಯದನ್ನು ಮತ್ತೆ ತಂದೆವು. ದಿನಾ ಫ್ಲಾಪಿ ಡ್ರೈವಿನ ಸದ್ದಿನ ಜಾಗದಲ್ಲಿ ಹಂಪಯ್ಯನ ಕಂಠಪಾಠ ಕೇಳತೊಡಗಿತು. ತೆಂಗಿನಕಾಯಿ ತುರಿಯುವುದೇ ವಾಸಿಯಿತ್ತು ಎಂದು ಅಪಾರ್ಟ್‌ಮೆಂಟಿನವರು ಒಮ್ಮತಕ್ಕೆ ಬಂದರು.

ನಿಶ್ಚಿತಾರ್ಥದ ಸಂಜೆ ಬೇಗಂಪೇಟೆಯ ಆ ಮನೆಯ ಹಾಲಿನಲ್ಲಿ ಬಿಳಿ ಚಾದರ ಹಾಸಿ ಲೋಡುಗಳನ್ನಿಟ್ಟಿದ್ದರು. ಮುತ್ಯಾರ ಎಡಬಲಕ್ಕೆ ಅವರ ಹಳೆಯ ಗೆಳೆಯರಾದ ಮೂವರು ಸಾಹೇಬರು ಕೂತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಹಕೀಮ ಸಾಹೇಬರು, ಗಡ್ಡ ಮಡಿಲಿಗೆ ಬರುತ್ತಿತ್ತು. ಓದುವವರ ಮುಂದೆ ಮೇಣದ ಬತ್ತಿ ಇಡುವುದು ಪದ್ಧತಿಯಂತೆ. ಫ್ಯಾನು ಆರಿಸಲು ಯಾರೂ ಒಪ್ಪದ ಕಾರಣ ಡೆಕೊರೇಷನ್ನಿನವನ ಬ್ಯಾಟರಿ ಬತ್ತಿಯನ್ನು ತಂದು ಹಂಪಯ್ಯನ ಮುಂದೆ ಇಟ್ಟರು. ಅದು ಕೆಂಪು, ಹಸಿರು, ನೀಲಿ ಎಂದು ಬಣ್ಣ ಬದಲಿಸುತ್ತಿತ್ತು. ಇತ್ತ ಕಡೆ ಉಂಗುರದ ತಟ್ಟೆ ಹಿಡಿದು ಶಿವಗಂಗಾ, ಅವಳ ಹಿಂದೆ ತುಟಿ ಕಚ್ಚಿಕೊಂಡ ಅನ್ವಿತಾ ನಿಂತಿದ್ದರು.

ಹಂಪಯ್ಯ ಬಾಯಿ ತೆರೆದ. ಕಂಠಪಾಠ ಮಾಡಿದ್ದರಲ್ಲಿ ಒಂದಕ್ಷರವೂ ಬರಲಿಲ್ಲ. ಶೇರವಾನಿಯ ಒಂದು ಗುಂಡಿ ಕಿತ್ತು ಹೋಗಿ ಸೂರ್ಯಕಾಂತರ ಚಹಾದಲ್ಲಿ ಬಿತ್ತು. ಅವನ ತಲೆಯೊಳಗೆ ಬರೀ ಕಪ್ಪು ಪರದೆ. ಹಾಳಾದ ಫ್ಲಾಪಿ ಹಾಕಿದಾಗ ಅವನ ಕಂಪ್ಯೂಟರು ಅಂಥ ಕಪ್ಪು ಪರದೆಯ ಮೇಲೆ ಒಂದು ಪ್ರಶ್ನೆ ಕೇಳುತ್ತದೆ: ಬಿಟ್ಟುಬಿಡಲೋ, ಮತ್ತೆ ಪ್ರಯತ್ನಿಸಲೋ, ಸೋಲಲೋ. ಇಷ್ಟು ವರ್ಷ ದಿನಾ ನೋಡಿದ ಆ ಪ್ರಶ್ನೆ ತನಗರಿವಿಲ್ಲದೆ ಅವನ ಬಾಯಿಂದ ಅಲ್ಲಿಯ ಭಾಷೆಯಲ್ಲಿ ಹೊರಗೆ ಬಂತು.

“ಛೋಡೂಂ... ಫಿರ್ ಕರೂಂ... ಯಾ ಹಾರ್ ಜಾಊಂ?”

ಹಕೀಮ ಸಾಹೇಬರು ಕೈಯೆತ್ತಿ, “ಮುಕರ್ರರ್” ಎಂದರು. ಮಹಫಿಲ್ಲಿನಲ್ಲಿ ಹಾಗೆಂದರೆ ಇನ್ನೊಮ್ಮೆ ಹೇಳಿ ಎಂದು ಅರ್ಥ. ಹಂಪಯ್ಯ ಸರ್ಕಾರಿ ಕಾಗದ ಓದಿ ಮುದುಕನಾದವನು, ಅವನಿಗೆ ಗೊತ್ತಿದ್ದ ಮುಕರರ್ ಅಂದರೆ ಪಕ್ಕಾ ಆಯಿತು ಎಂದು. ಮದುವೆ ಪಕ್ಕಾ ಆಯಿತೆಂದು ತಿಳಿದು ಅವನು ಎಲ್ಲರಿಗೂ ಕೈಮುಗಿದು ಎದ್ದ. ಒಂದೇ ಶಬ್ದದ ಹೊಗಳಿಕೆಗೆ ಇಷ್ಟು ವಿನಯವೇ ಎಂದು ಸಾಹೇಬರುಗಳು ಕರಗಿ ಅವನನ್ನು ಎಳೆದು ಕೂರಿಸಿದರು.

ಹಳ್ಳಕ್ಕೆ ಬಿದ್ದಾಗಿತ್ತು, ಇನ್ನು ಈಜುವುದೊಂದೇ ಬಾಕಿ. ಹಂಪಯ್ಯ ಕಣ್ಣು ಮುಚ್ಚಿಕೊಂಡು ಆ ಆಟದಲ್ಲಿ ಬರುವ ಬರಹಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿದ. ‘ಕೋಈ ಭೀ ಚಾಬೀ ದಬಾವ್, ಆಗೇ ಬಢೋ’ ಎಂದ. ಅಂದರೆ ಯಾವ ಕೀ ಒತ್ತಿದರೂ ಸರಿ, ಮುಂದೆ ಹೋಗು. ಬೀಗ ಯಾವುದೆಂದು ಕೇಳದೆ ಕೀಲಿಕೈ ಕೊಡುವವನು ದೇವರೇ ಅಲ್ಲವೇ ಎಂದು ಒಬ್ಬರು ಸಾಹೇಬರು ಕಣ್ಣೊರೆಸಿಕೊಂಡರು. ‘ಪಹ್ಲಾ ಹಿಸ್ಸಾ ಮುಫ್ತ್ ಥಾ, ಬಾಕೀ ಕೇ ವಾಸ್ತೇ ನಾಮ್ ಲಿಖಾವ್’ ಎಂದ. ಮೊದಲ ಭಾಗ ಪುಕ್ಕಟೆ, ಉಳಿದದ್ದಕ್ಕೆ ಹೆಸರು ಬರೆಸು. ಬಾಲ್ಯದ ಬಗ್ಗೆ ಇದಕ್ಕಿಂತ ಹೆಚ್ಚು ಏನು ಹೇಳಲು ಸಾಧ್ಯ ಎಂದರು ಇನ್ನೊಬ್ಬರು. ಕೊನೆಗೆ ಅವನು ಮೂರು ಜೀವ ಹಿಡಿದು ಕತ್ತೆ ಹುಡುಕಲು ಹೊರಟವನ ಕಥೆ ಹೇಳಿ, ಬಾಗಿಲಿನಾಚೆ ಅದು ಅರಚುತ್ತಿದೆ, ಬಾಗಿಲು ತೆರೆಯುತ್ತಿಲ್ಲ ಎಂದಾಗ ನಿಜಕ್ಕೂ ಅತ್ತುಬಿಟ್ಟ. ಹಕೀಮ ಸಾಹೇಬರು ಮತ್ತೆ ಮುಕರ್ರರ್ ಎಂದರು. ಮುತ್ಯಾ ಉಂಗುರ ಹಾಕಲು ಕಣ್ಣಲ್ಲೇ ಅಪ್ಪಣೆ ಕೊಟ್ಟು, ಬರುವ ಭಾನುವಾರ ಡಬ್ಬಿ ನೋಡಲು ಬರುತ್ತೇನೆ ಎಂದರು.

ಭಾನುವಾರ ಮುತ್ಯಾ ಬಂದರು. ಶಿವಗಂಗಾ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟಿದ್ದಳು. ನೆರೆಮನೆಯವನ ಪುಟ್ಟ ಮೊಮ್ಮಗ ಹಾದುಹೋಗುತ್ತ ಅದನ್ನೇ ಹೇಳಿಬಿಟ್ಟನೆಂದು ಬರೆದರೆ ಕಥೆ ಸಲೀಸಾಗುತ್ತಿತ್ತು. ಆದರೆ ಹಾಗಾಗಲಿಲ್ಲ, ಹಂಪಯ್ಯನೇ ಹೋಗಿ ಅಕ್ಕಿಯೊಳಗೆ ಕೈ ಹಾಕಿ ತೆಗೆದ. ಇಷ್ಟು ವಯಸ್ಸಾದವರಿಗೆ ಇನ್ನೂ ಸುಳ್ಳು ಹೇಳಲು ನಾಲಿಗೆ ಹೊರಳುವುದಿಲ್ಲ ಎಂದ. ಒಂದು ಫ್ಲಾಪಿ ಒರೆಸಿ ಕಂಪ್ಯೂಟರಿಗೆ ಹಾಕಿದ. ಒಳಗೆ ಅಕ್ಕಿಕಾಳು ಸೇರಿತ್ತೋ ಏನೋ, ಅದು ಕರಕರ ಎಂದು, ಕಪ್ಪು ಪರದೆಯ ಮೇಲೆ ಅದೇ ಪ್ರಶ್ನೆ ಬಂತು.

ಮುತ್ಯಾ ಕನ್ನಡಕ ಏರಿಸಿ ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ನಂತರ ಅದನ್ನೇ ನಿಧಾನವಾಗಿ ತಮ್ಮ ಭಾಷೆಯಲ್ಲಿ ಹೇಳಿಕೊಂಡರು. ಛೋಡೂಂ, ಫಿರ್ ಕರೂಂ, ಯಾ ಹಾರ್ ಜಾಊಂ. ಅನ್ವಿತಾ ಗೋಡೆಗೆ ಒರಗಿದಳು. ಬೆರಳಿನ ಉಂಗುರವನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು.

“ಇದನ್ನ ಬರದಾವ ಯಾರು?” ಎಂದರು ಮುತ್ಯಾ.

“ಯಾರೋ ಕಂಪ್ಯೂಟರ್‌ನೋರು ರೀ. ನಾ ಶಾಯರ ಅಲ್ರಿ, ಮುತ್ಯಾರ. ಇವೆಲ್ಲಾ ಆಟ. ನಂದೇ ತಪ್ಪು, ಹುಡುಗೀದು ಏನಿಲ್ಲ. ಬೈಯೋದಿದ್ರ ನನಗ ಬೈರಿ.”

“ಬರದಾಂವಗ ಹೇಳ್ರಿ, ವಜನ್ ಇಲ್ಲ, ಛಂದಸ್ಸು ಕೆಟ್ಟದ. ಆದ್ರ ದರ್ದ್ ಅದ, ನೋವು ಅದ.” ಮುತ್ಯಾ ಕನ್ನಡಕ ಇಳಿಸಿದರು. “ನನಗ ಅವತ್ತೇ ಸಂಶಯ ಬಂದಿತ್ತು. ಯಾವ ಶಾಯರ ಕತ್ತಿ ಸಲುವಾಗಿ ಅಳ್ತಾನ?” ಅವರ ಕಡೆ ಕತ್ತೆಗೆ ಕತ್ತಿ ಎನ್ನುತ್ತಾರೆ.

“ಹಂಗಾದ್ರ ಆ ಸಾಹೇಬ್ರು ಮುಕರ್ರರ್ ಅಂದ್ರಲ್ರಿ?”

“ಹಕೀಮಗ ಕಿವಿ ಹೋಗಿ ಹತ್ತು ವರ್ಷ ಆಯ್ತು. ಯಾರ ಬಾಯಿ ಆಡಿದ್ರೂ ಅಂವ ಮುಕರ್ರರ್ ಅಂತಾನ. ನನ್ನ ಗೆಳ್ಯಾರೆಲ್ಲಾ ಮಣ್ಣಿಗೆ ಹೋದ್ರು, ಉಳದೋರಿಗೆ ಕೇಳ್ಸೋದಿಲ್ಲ. ಮಾತಿಗೆ ಒಬ್ಬ ಸಿಗ್ಲಿ ಅಂತ ಬೀಗನ್ನ ಹುಡುಕ್ದೆ, ಸಿಕ್ಕ. ಈಗ ಶೇರ್ ಇಲ್ಲಂದ್ರ ಏನ್ ಮಾಡ್ಲಿ, ಬೀಗನ್ನ ಬಿಡ್ಲೇನು?” ಎಂದು ಅವರು ಕುರ್ಚಿ ಎಳೆದುಕೊಂಡರು. “ಸರೀರಿ ಅತ್ತಾಗ. ಕತ್ತಿ ಎಲ್ಲದ, ನೋಡೋಣು.”

ಅಂದಿನಿಂದ ಪ್ರತಿ ಭಾನುವಾರ ಬೇಗಂಪೇಟೆಯ ಕಾರು ನಮ್ಮ ಗೇಟಿನ ಮುಂದೆ ನಿಲ್ಲತೊಡಗಿತು. ಮುತ್ಯಾ ಮೊದಮೊದಲು ಗುಂಡಿಗೆ ಬಿದ್ದಾಗೆಲ್ಲ ಉರ್ದುವಿನಲ್ಲಿ ಬೈಯುತ್ತಿದ್ದರು. ಬಾವಲಿ ಕಚ್ಚಿದರೆ ಬೀದರಿನ ಕನ್ನಡದಲ್ಲಿ ಬೈಯುತ್ತಿದ್ದರು, ಅದು ಕೆಳಗೆ ನಮಗೆ ಕೇಳುತ್ತಿತ್ತು. ಮದುವೆಯ ಸೀರೆ, ಮಂಟಪ, ಅಡುಗೆ ಯಾವುದಕ್ಕೂ ಅವರು ತಲೆ ಹಾಕಲಿಲ್ಲ. ಅಂತೂ ಒಂದು ದಿನ ಕಬ್ಬಿಣದ ಬಾಗಿಲಿಗೆ ಬಂದು ತಲುಪಿದರು. ಕತ್ತೆ ಅರಚಿತು. ಡಾಲರ್ ಕಳಿಸಿ ಎಂಬ ಬರಹ ಬಂತು. ಒಂದು ಸಾಲು ಹೇಳಿ ಇನ್ನೊಂದು ಸಾಲನ್ನು ಅಡವಿಟ್ಟುಕೊಂಡ ಆ ಅಮೆರಿಕದವನ ಮೇಲೆ ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮದುವೆಗೆ ಹೆಣ್ಣಿನ ಕಡೆಯಿಂದ ಏನು ಕೊಡಬೇಕು ಎಂದು ಶಿವಗಂಗಾ ಅಂಜುತ್ತ ಕೇಳಿದಾಗ, ನಮಗೆ ಬಂಗಾರ ಬೇಡ, ಎರಡನೆಯ ಭಾಗ ಕೊಡಿ ಸಾಕು ಎಂದುಬಿಟ್ಟರು.

ಹಂಪಯ್ಯ ಬಿಸ್ಕತ್ತಿನ ಡಬ್ಬಿಯನ್ನು ಇನ್ನೊಮ್ಮೆ ತಡಕಾಡಿದ. ಮೂವತ್ತು ವರ್ಷ ತಾನೇ ಕಾಣದ್ದನ್ನು ಉಡುಗೊರೆ ಕೊಡುವುದೆಲ್ಲಿಂದ? ರೋಹಿತ ಮಾತ್ರ ನಕ್ಕ. ಆ ಆಟ ಮಾಡಿದವನು ಈಗ ಮುದುಕನಾಗಿ, ಎಲ್ಲ ಭಾಗಗಳನ್ನೂ ತಾನೇ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದಾನಂತೆ. ಕದ್ದದ್ದಲ್ಲ, ಒಡೆಯನೇ ಕೊಟ್ಟದ್ದು, ಕತ್ತೆಗೆ ಅವಮಾನವಿಲ್ಲ ಎಂದು ಹಂಪಯ್ಯ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ರೋಹಿತ ಅದನ್ನು ಒಂದು ಲ್ಯಾಪ್‌ಟಾಪಿನಲ್ಲಿ ಹಾಕಿ ಮದುವೆಯ ಬೆಳಿಗ್ಗೆ ಮಾವನ ಕೈಗಿಟ್ಟ. ಕೊಡಬಾರದ ಹೊತ್ತಿನಲ್ಲಿ ಕೊಟ್ಟ ಎಂದು ಶಿವಗಂಗಾ ಇವತ್ತಿಗೂ ಅಳಿಯನನ್ನು ಬೈಯುತ್ತಾಳೆ.

ಕಲ್ಯಾಣ ಮಂಟಪದಲ್ಲಿ ಅಯ್ಯನವರು ಮಂತ್ರ ಮುಗಿಸಿದರು, ಜನ ಅಕ್ಷತೆ ಹಿಡಿದು ನಿಂತರು. ನೋಡಿದರೆ ಮುತ್ಯಾ, ಹಂಪಯ್ಯ ಇಬ್ಬರೂ ಇಲ್ಲ. ಹುಡುಕಲು ಹಂಪಯ್ಯನ ಅಕ್ಕ ಗುಂಡಮ್ಮ ಹೋದಳು. ಉಡುಗೊರೆ ಇಟ್ಟಿದ್ದ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದಳು. ಒಳಗಿನಿಂದ ಮುತ್ಯಾರ ದನಿ ನಡುಗುತ್ತ ಬಂತು.

“ಎರಡ್ ಜೀವ ಹೋದ್ವು, ಹಂಪಯ್ಯ. ಒಂದೇ ಉಳದದ. ಗಟ್ಟಿ ಹಿಡ್ಕೋ ನನ್ನ.”

ಗುಂಡಮ್ಮ ಕೈಯಲ್ಲಿದ್ದ ಅಕ್ಷತೆಯನ್ನು ಅಲ್ಲೇ ಚೆಲ್ಲಿ ಬೊಬ್ಬೆ ಹೊಡೆದಳು. ಮುತ್ಯಾರ ಜೀವ ಹೋಗುತ್ತಿದೆ ಎಂಬ ಸುದ್ದಿ ಮಂಟಪಕ್ಕೆ ಬರುವಷ್ಟರಲ್ಲಿ ಹೋಯಿತು ಎಂದಾಗಿತ್ತು. ವಾದ್ಯ ನಿಂತಿತು. ಯಾದಗಿರಿ ಆಂಬುಲೆನ್ಸಿಗೆ ಫೋನು ಮಾಡಿದ. ಸೂರ್ಯಕಾಂತರು ಪೇಟ ಬಿಸುಟು ಓಡಿದರು, ಬಾಸಿಂಗ ಕಟ್ಟಿದ್ದ ರೋಹಿತ ಅವರ ಹಿಂದೆ ಓಡಿದ, ಸೆರಗು ಎತ್ತಿಕೊಂಡು ಅನ್ವಿತಾ ಅವನ ಹಿಂದೆ ಓಡಿದಳು. ಹೆಂಗಸರು ದನಿಯೆತ್ತಿ ಅಳತೊಡಗಿದರು. ಕಿವಿ ಕೇಳದ ಹಕೀಮ ಸಾಹೇಬರು ಮುಂದಿನ ಸಾಲಿನಲ್ಲಿ ಕೂತು, ಎಲ್ಲರ ಬಾಯಿ ಆಡುವುದನ್ನು ಕಂಡು, ಮುಕರ್ರರ್ ಎಂದರು.

ಸೂರ್ಯಕಾಂತರು ಬಾಗಿಲಿಗೆ ಭುಜ ಕೊಡುವ ಹೊತ್ತಿಗೆ ಅದು ತಾನೇ ತೆರೆಯಿತು. ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎತ್ತಿಕೊಂಡ ಹಂಪಯ್ಯ ಹಿಂದೆ, ಜರಿ ಪೇಟದ ಮುತ್ಯಾ ಮುಂದೆ. ಅಳುತ್ತಿದ್ದ ಅಷ್ಟೂ ಜನರನ್ನು ಅವರು ಒಮ್ಮೆ ನೋಡಿದರು. ಏನಾಯಿತೆಂದು ಅವರಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊಮ್ಮಗನ ಹೆಗಲ ಮೇಲೆ ಒಂದು ಕೈ, ಅನ್ವಿತಾಳ ತಲೆಯ ಮೇಲೆ ಇನ್ನೊಂದು ಕೈ ಇಟ್ಟರು.

“ಒಂದ್ ಜೀವ ಇನ್ನೂ ಅದ, ಅಳಬ್ಯಾಡ್ರಿ” ಎಂದರು. “ಅದು ಇರೂತನಾ ತಾಳಿ ಕಟ್ಟಿ ಮುಗಸ್ರಿ. ನಾವಿಬ್ರೂ ಕತ್ತಿ ಹುಡುಕಾಕ ಹೋಗ್ಬೇಕು.”